ಎಕ್ಸೆಲ್‌ಗೆ ಲಕ್ಷ, ಕೋಟಿ ಕಲಿಸುವ ಬಗೆ

ಎಕ್ಸೆಲ್‌ನಲ್ಲಿ ‘ಬಾತ್‌ಟೆಕ್ಸ್ಟ್’ ಎಂಬ ಫಂಕ್ಷನ್ ಇದೆ. ಒಂದು ಸಂಖ್ಯೆ ಕೊಟ್ಟರೆ ಸಾಕು, ಥಾಯ್ ಲಿಪಿಯಲ್ಲಿ, ಥಾಯ್ ಭಾಷೆಯಲ್ಲಿ, ಆ ದೇಶದ ನಾಣ್ಯವಾದ ಬಾತ್‌ನ ಹೆಸರನ್ನೂ ಸೇರಿಸಿ ಇಡೀ ಮೊತ್ತವನ್ನು ಅಕ್ಷರಗಳಲ್ಲಿ ಬರೆದುಕೊಡುತ್ತದೆ. ಥಾಯ್ಲೆಂಡಿನ ಲೆಕ್ಕಿಗರಿಗೆ ಈ ಸೌಲಭ್ಯ ಎಕ್ಸೆಲ್ ಜೊತೆಗೇ ಬರುತ್ತದೆ. ಐನೂರರಷ್ಟು ಫಂಕ್ಷನ್‌ಗಳಿರುವ ಅದೇ ಎಕ್ಸೆಲ್‌ನಲ್ಲಿ ರೂಪಾಯಿಯನ್ನು ಅಕ್ಷರಗಳಲ್ಲಿ ಬರೆಯುವ ಫಂಕ್ಷನ್ ಇಲ್ಲ. ಕನ್ನಡದಲ್ಲಂತೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ.

ಇದು ಕಡೆಗಣಿಸುವಂಥ ಕೊರತೆಯಲ್ಲ. ಬಿಲ್, ವೋಚರ್, ರಸೀದಿ, ಕರಾರು ಪತ್ರ, ಹೀಗೆ ಹಣದ ಮೊತ್ತ ಬರುವ ಕಾಗದಗಳಲ್ಲೆಲ್ಲ ಅಂಕಿಯ ಜೊತೆಗೆ ‘ಅಕ್ಷರಗಳಲ್ಲಿ’ ಎಂಬ ಸಾಲೊಂದು ನಮ್ಮಲ್ಲಿ ಇದ್ದೇ ಇರುತ್ತದೆ. ಚೆಕ್ಕಿನ ವಿಷಯದಲ್ಲಿ ಆ ಸಾಲಿಗೆ ಕಾನೂನಿನ ಬಲವೂ ಇದೆ. ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರದಲ್ಲಿ ಬರೆದಿದ್ದೇ ಮೊತ್ತ ಎನ್ನುತ್ತದೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್. ದಿನಕ್ಕೆ ಹತ್ತಾರು ಬಿಲ್ ತೆಗೆಯುವ ಕಚೇರಿಯಲ್ಲಿ ಆ ಸಾಲನ್ನು ಕೈಯಾರೆ ಟೈಪ್ ಮಾಡುತ್ತ ಹೋದರೆ, ಒಂದಲ್ಲ ಒಂದು ದಿನ ಹಿಂದಿನ ಬಿಲ್ಲಿನ ಅಕ್ಷರ ಮುಂದಿನ ಬಿಲ್ಲಿನ ಅಂಕಿಯ ಕೆಳಗೆ ಉಳಿದುಬಿಡುತ್ತದೆ.

ಇದಕ್ಕೆ ಮದ್ದು ಎಕ್ಸೆಲ್‌ನೊಳಗೇ ಇದೆ. ಇಲ್ಲದ ಫಂಕ್ಷನ್ನನ್ನು ಬಳಸುವವರೇ ಬರೆದು ಸೇರಿಸಿಕೊಳ್ಳಬಹುದು. ಒಮ್ಮೆ ಸೇರಿಸಿದರೆ ಸಮ್, ವಿಲುಕಪ್‌ಗಳನ್ನು ಕರೆದ ಹಾಗೆಯೇ ಅದನ್ನೂ ಸೆಲ್‌ನೊಳಗಿಂದ ಹೆಸರು ಹಿಡಿದು ಕರೆಯಬಹುದು. ಮೈಕ್ರೋಸಾಫ್ಟ್ ತನ್ನ ಸಹಾಯ ಪುಟದಲ್ಲೇ ‘ಸ್ಪೆಲ್‌ನಂಬರ್’ ಎಂಬ ಮಾದರಿ ಕೋಡ್ ಕೊಟ್ಟಿದೆ. ಆದರೆ ಅದು ಡಾಲರ್, ಸೆಂಟ್‌ಗಳ ಕೋಡ್. ಡಾಲರ್ ಇದ್ದಲ್ಲಿ ರೂಪಾಯಿ, ಸೆಂಟ್ ಇದ್ದಲ್ಲಿ ಪೈಸೆ ಎಂದು ತಿದ್ದಿದರೆ ಕೆಲಸ ಮುಗಿಯಿತೆಂದು ಹೊರಟರೆ, 12,50,000 ರೂಪಾಯಿಯ ಬಿಲ್ಲಿನ ಕೆಳಗೆ ‘ಒನ್ ಮಿಲಿಯನ್ ಟೂ ಹಂಡ್ರೆಡ್ ಫಿಫ್ಟಿ ಥೌಸಂಡ್ ರುಪೀಸ್’ ಎಂದು ಅಚ್ಚಾಗುತ್ತದೆ. ಅಂಕಿಗಳನ್ನು ಮೂರು ಮೂರರಂತೆ ಕತ್ತರಿಸುವ ಪದ್ಧತಿ ಆ ಕೋಡಿನ ಬೆನ್ನೆಲುಬು. ನಮ್ಮದು ಮೊದಲು ಮೂರು, ಆಮೇಲೆ ಎರಡೆರಡು. ಹೆಸರು ಬದಲಿಸಿದರೆ ಸಾಲದು, ಬೆನ್ನೆಲುಬನ್ನೇ ಬದಲಿಸಬೇಕು.

ಸ್ಪ್ರೆಡ್‌ಶೀಟ್ ಹುಟ್ಟಿದಾಗ ಇಂಥ ಅವಕಾಶ ಇರಲಿಲ್ಲ. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ತಂದ ವಿಸಿಕ್ಯಾಲ್ಕ್‌ನಲ್ಲಿ ಇದ್ದಷ್ಟು ಫಂಕ್ಷನ್‌ಗಳಲ್ಲೇ ಹೊಂದಿಸಿಕೊಳ್ಳಬೇಕಿತ್ತು. 1985ರಲ್ಲಿ ಮೆಕಿಂಟಾಷ್‌ಗೆಂದು ಬಂದ ಎಕ್ಸೆಲ್ ಮಾತ್ರ ಮೊದಲಿನಿಂದಲೂ ಬಳಸುವವರ ಸ್ವಂತ ಫಂಕ್ಷನ್‌ಗಳಿಗೆ ಜಾಗ ಇಟ್ಟಿತ್ತು. ಆಗ ಅವನ್ನು ‘ಮ್ಯಾಕ್ರೊ ಶೀಟ್’ ಎಂಬ ಬೇರೆಯದೇ ಹಾಳೆಯ ಸೆಲ್‌ಗಳಲ್ಲಿ ಫಾರ್ಮುಲಾಗಳ ರೂಪದಲ್ಲೇ ಬರೆಯಬೇಕಿತ್ತು. 1993ರ ಎಕ್ಸೆಲ್ 5ರಲ್ಲಿ ವಿಬಿಎ, ಅಂದರೆ ವಿಷುವಲ್ ಬೇಸಿಕ್‌ನ ಒಂದು ರೂಪ, ಎಕ್ಸೆಲ್‌ನೊಳಗೆ ಬಂದು ಕೂತಿತು. ಮೂವತ್ತು ವರ್ಷ ದಾಟಿದರೂ ಲೆಕ್ಕದ ಕೋಣೆಗಳಲ್ಲಿ ಇಂದಿಗೂ ಅದರದೇ ಕಾರುಬಾರು.

ಬರೆಯುವ ಜಾಗ ತೆರೆಯಲು ಆಲ್ಟ್ ಮತ್ತು ಎಫ್11 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು. ಇನ್ಸರ್ಟ್ ಮೆನುವಿನಿಂದ ಒಂದು ಮಾಡ್ಯೂಲ್ ತೆಗೆದುಕೊಂಡು ‘ಫಂಕ್ಷನ್’ ಎಂಬ ಪದದಿಂದ ಶುರುಮಾಡಿ ‘ಎಂಡ್ ಫಂಕ್ಷನ್’ ಎಂಬಲ್ಲಿಗೆ ಮುಗಿಸಬೇಕು. ನಡುವೆ ಬರುವುದೇ ನಿಯಮ. ರೂಪಾಯಿಯ ವಿಷಯದಲ್ಲಿ ಆ ನಿಯಮ ಶಾಲೆಯ ಭಾಗಾಕಾರವೇ: ಸಂಖ್ಯೆಯನ್ನು ಕೋಟಿಯಿಂದ ಭಾಗಿಸು, ಉಳಿದದ್ದನ್ನು ಲಕ್ಷದಿಂದ, ಉಳಿದದ್ದನ್ನು ಸಾವಿರದಿಂದ, ಉಳಿದದ್ದನ್ನು ನೂರರಿಂದ. 1,25,415 ಎಂದರೆ ಲಕ್ಷ ಒಂದು, ಸಾವಿರ ಇಪ್ಪತ್ತೈದು, ನೂರು ನಾಲ್ಕು, ಮಿಕ್ಕಿದ್ದು ಹದಿನೈದು.

ಇಂಗ್ಲಿಷಿನಲ್ಲಿ ಬರೆಯುವುದಾದರೆ ಈ ನಾಲ್ಕು ತುಂಡುಗಳನ್ನು ಸಾಲಾಗಿ ಜೋಡಿಸಿದರೆ ಆಯಿತು. ಕನ್ನಡದಲ್ಲಿ ಆಗುವುದಿಲ್ಲ. ‘ಒಂದು ಲಕ್ಷ ಇಪ್ಪತ್ತೈದು ಸಾವಿರ ನಾನೂರು ಹದಿನೈದು’ ಎಂದು ಯಂತ್ರ ಬರೆದರೆ ಅರ್ಥವಾಗುತ್ತದೆ, ಆದರೆ ಕನ್ನಡದವರು ಹಾಗೆ ಬರೆಯುವುದಿಲ್ಲ. ‘ಒಂದು ಲಕ್ಷದ ಇಪ್ಪತ್ತೈದು ಸಾವಿರದ ನಾನೂರ ಹದಿನೈದು’ ಎನ್ನುತ್ತಾರೆ. ಮುಂದೆ ಇನ್ನೇನಾದರೂ ಉಳಿದಿದ್ದರೆ ಲಕ್ಷ ‘ಲಕ್ಷದ’ ಆಗುತ್ತದೆ, ನಾನೂರು ‘ನಾನೂರ’ ಆಗುತ್ತದೆ. ಏನೂ ಉಳಿಯದಿದ್ದರೆ ಲಕ್ಷ ಲಕ್ಷವೇ. ಹೀಗಾಗಿ ಪ್ರತಿ ಮೆಟ್ಟಿಲಿನಲ್ಲೂ ಫಂಕ್ಷನ್ ಶೇಷವನ್ನು ನೋಡಿ ಯಾವ ರೂಪ ಹಾಕಬೇಕೆಂದು ತೀರ್ಮಾನಿಸಬೇಕು. ಇನ್ನೂರು, ಮುನ್ನೂರು, ಐನೂರು, ಒಂಬೈನೂರುಗಳನ್ನು ‘ಎರಡು’, ‘ಮೂರು’, ‘ಐದು’ಗಳಿಂದ ಕಟ್ಟಲು ಹೋಗದೆ ನೇರವಾಗಿ ಪಟ್ಟಿಯಲ್ಲಿ ಇಟ್ಟುಕೊಳ್ಳುವುದೇ ಜಾಣತನ. ಒಂದರಿಂದ ತೊಂಬತ್ತೊಂಬತ್ತರವರೆಗೂ ಹಾಗೆಯೇ. ಇಪ್ಪತ್ತು, ಒಂದು ಸೇರಿ ಇಪ್ಪತ್ತೊಂದು ಆಗುವಾಗಿನ ಲೋಪಸಂಧಿಯನ್ನು ಯಂತ್ರಕ್ಕೆ ಕಲಿಸಬಹುದು, ಆದರೆ ಹನ್ನೆರಡು, ಹದಿಮೂರು, ಹತ್ತೊಂಬತ್ತುಗಳು ಒಂದೊಂದೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ತೊಂಬತ್ತೊಂಬತ್ತು ಪದಗಳ ಪಟ್ಟಿ ಬರೆಯಲು ಹಿಡಿಯುವ ಸಮಯ ಸಂಧಿಯ ಕೋಡ್ ತಿದ್ದಲು ಹಿಡಿಯುವ ಸಮಯಕ್ಕಿಂತ ಎಷ್ಟೋ ಕಡಿಮೆ.

ಕೋಟಿಯ ಆಚೆ ಇನ್ನೊಂದು ಸೊಗಸಿದೆ. ಕರ್ನಾಟಕದ 2025–26ರ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಕೋಟಿಯಿಂದ ಭಾಗಿಸಿದಾಗ ಬರುವ 4,09,549ನ್ನು ಫಂಕ್ಷನ್ ಮತ್ತೆ ತನ್ನನ್ನೇ ಕರೆದು ಅದರ ಕೈಗೆ ಕೊಡುತ್ತದೆ. ಒಳಗಿನ ಕರೆಯಿಂದ ‘ನಾಲ್ಕು ಲಕ್ಷದ ಒಂಬತ್ತು ಸಾವಿರದ ಐನೂರ ನಲವತ್ತೊಂಬತ್ತು’ ಎಂಬ ಉತ್ತರ ಬರುತ್ತದೆ, ಹೊರಗಿನದು ಅದಕ್ಕೆ ‘ಕೋಟಿ’ ಸೇರಿಸುತ್ತದೆ. ಎಷ್ಟು ದೊಡ್ಡ ಮೊತ್ತ ಬಂದರೂ ಹೊಸ ನಿಯಮ ಬೇಕಿಲ್ಲ.

ಆದರೆ ಈ ಕನ್ನಡ ಪದಗಳನ್ನು ಬರೆಯುವುದೆಲ್ಲಿ? ವಿಬಿಎ ಎಡಿಟರ್‌ಗೆ ಕನ್ನಡ ಬಾರದು. ಅಲ್ಲಿ ‘ಲಕ್ಷ’ ಎಂದು ಟೈಪ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮೂಡುತ್ತದೆ. ಯೂನಿಕೋಡ್ ಬಳಕೆ ಎಲ್ಲೆಡೆ ಹರಡುವ ಮುಂಚಿನ ಕಾಲದ ಆ ಎಡಿಟರ್ ಇಂದಿಗೂ ಹಾಗೆಯೇ ಉಳಿದಿದೆ. ಒಂದೊಂದು ಅಕ್ಷರಕ್ಕೂ ಅದರ ಯೂನಿಕೋಡ್ ಸಂಖ್ಯೆ ಕೊಟ್ಟು ಬರೆಸಬಹುದು (‘ಕ’ ಅಕ್ಷರಕ್ಕೆ 3221), ಆದರೆ ತೊಂಬತ್ತೊಂಬತ್ತು ಪದಗಳನ್ನು ಹಾಗೆ ಬರೆದರೆ ತಪ್ಪಾದಾಗ ಯಾರ ಕಣ್ಣಿಗೂ ಕಾಣುವುದಿಲ್ಲ. ಇದಕ್ಕಿಂತ ಒಳ್ಳೆಯ ಉಪಾಯವಿದೆ. ಬರೆದ ಫಂಕ್ಷನ್ ಎಲ್ಲ ಫೈಲ್‌ಗಳಿಗೂ ಸಿಗುವಂತೆ ಇಟ್ಟುಕೊಳ್ಳುವ ಆ್ಯಡ್-ಇನ್ ಫೈಲ್ ಕೂಡ ಒಂದು ಎಕ್ಸೆಲ್ ಫೈಲೇ, ಅದರಲ್ಲೂ ಶೀಟ್‌ಗಳಿರುತ್ತವೆ, ಹೊರಗೆ ಕಾಣದಂತೆ ಅಡಗಿರುತ್ತವೆ ಅಷ್ಟೆ. ಪದಗಳ ಪಟ್ಟಿಯನ್ನು ಅಂಥ ಶೀಟ್‌ನ ಮೊದಲ ಕಾಲಂನಲ್ಲಿ ಸರಿಯಾದ ಕನ್ನಡದಲ್ಲಿ ಬರೆದಿಟ್ಟು, ಕೋಡ್ ಅಲ್ಲಿಂದ ಓದಿಕೊಳ್ಳುವಂತೆ ಮಾಡಬೇಕು. ‘ನಲವತ್ತು’ ಬೇಡ, ‘ನಲ್ವತ್ತು’ ಬೇಕು ಎನ್ನುವವರು ಕೋಡ್ ಮುಟ್ಟದೆ ಒಂದು ಸೆಲ್ ತಿದ್ದಿಕೊಳ್ಳಬಹುದು. ಭಾಷೆ ಬಲ್ಲವರ ಕೆಲಸವೂ ಕೋಡ್ ಬಲ್ಲವರ ಕೆಲಸವೂ ಹೀಗೆ ಬೇರೆಯಾಗುತ್ತವೆ.

ಇದೇ ವಿವೇಕವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ಹಂಗೇರಿಯ ಲಾಸ್ಲೊ ನೇಮೆತ್. ಕಾಗುಣಿತ ತಿದ್ದುವ ಹನ್‌ಸ್ಪೆಲ್ ತಂತ್ರಾಂಶ ಬರೆದವರೂ ಇವರೇ. ಲಿಬ್ರೆಆಫೀಸ್‌ನ ಕ್ಯಾಲ್ಕ್‌ಗೆ ಇವರು ಮಾಡಿದ ‘ನಂಬರ್‌ಟೆಕ್ಸ್ಟ್’ ಎಂಬ ವಿಸ್ತರಣೆಯಲ್ಲಿ ಒಂದೊಂದು ಭಾಷೆಯ ಸಂಖ್ಯಾನಿಯಮಕ್ಕೂ ಒಂದೊಂದು ಪುಟ್ಟ ಕಡತ ಇರುತ್ತದೆ. ಹೊಸ ಭಾಷೆ ಸೇರಿಸಬೇಕಾದರೆ ಅದರ ನಿಯಮದ ಕಡತ ಬರೆದರಾಯಿತು.

ರೂಪಾಯಿಯ ಫಂಕ್ಷನ್ ಬರೆಯುವವರು ಮೊದಲು ಎಡವುವುದು ಸಂಖ್ಯೆಯ ಬಗೆಯಲ್ಲಿ. ವಿಬಿಎನಲ್ಲಿ ‘ಇಂಟೆಜರ್’ ಎಂದು ಸಾರಿದರೆ ಅದರ ಮಿತಿ 32,767. ತಿಂಗಳ ಸಂಬಳ ನಲವತ್ತು ಸಾವಿರ ಎಂದು ಕೊಟ್ಟೊಡನೆ ಸೆಲ್‌ನಲ್ಲಿ ‘#ವ್ಯಾಲ್ಯೂ!’ ಕಾಣಿಸುತ್ತದೆ. ‘ಲಾಂಗ್’ ಎಂದರೆ ಸುಮಾರು 214 ಕೋಟಿಗೆ ನಿಲ್ಲುತ್ತದೆ, ಅಷ್ಟು ದೊಡ್ಡ ಮೊತ್ತ ಸರ್ಕಾರಿ ಟೆಂಡರುಗಳಲ್ಲಿ ಅಪರೂಪವೇನಲ್ಲ. ಹಣಕ್ಕೆಂದೇ ಇರುವ ‘ಕರೆನ್ಸಿ’ ಎಂಬ ಬಗೆ ದಶಮಾಂಶದ ನಾಲ್ಕು ಸ್ಥಾನಗಳವರೆಗೆ ನಿಖರವಾಗಿ ಇಟ್ಟುಕೊಂಡು 922 ಲಕ್ಷ ಕೋಟಿಯವರೆಗೂ ತಾಳುತ್ತದೆ. ರೂಪಾಯಿಗೆ ಅದೇ ಸರಿ.

ಎರಡನೆಯ ಎಡವು ಇನ್ನೂ ಸೂಕ್ಷ್ಮ. ಸೆಲ್‌ನಲ್ಲಿ ಬರೆಯುವ ರೌಂಡ್ ಫಂಕ್ಷನ್‌ಗೂ ವಿಬಿಎ ಒಳಗಿನ ರೌಂಡ್‌ಗೂ ಹೆಸರು ಒಂದೇ, ನಡತೆ ಬೇರೆ. 2.5ನ್ನು ಪೂರ್ಣಾಂಕಕ್ಕೆ ತಂದರೆ ಸೆಲ್‌ನಲ್ಲಿ 3 ಬರುತ್ತದೆ, ವಿಬಿಎನಲ್ಲಿ 2. ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುವ ಪದ್ಧತಿ ವಿಬಿಎಯದು. ಸಂಖ್ಯಾಶಾಸ್ತ್ರದಲ್ಲಿ ಅದಕ್ಕೆ ಅದರದೇ ಕಾರಣವಿದೆ. ಆದರೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ 50 ಪೈಸೆ ಅಥವಾ ಅದಕ್ಕೂ ಹೆಚ್ಚಿದ್ದರೆ ಮುಂದಿನ ರೂಪಾಯಿಗೆ ಏರಿಸಬೇಕೆಂದೇ ಹೇಳುತ್ತದೆ. ತೆರಿಗೆ 12 ರೂಪಾಯಿ 50 ಪೈಸೆ ಬಂದಾಗ ಕಾನೂನಿನ ಉತ್ತರ 13, ವಿಬಿಎಯ ಉತ್ತರ 12. ಕೋಡಿನೊಳಗಿಂದಲೇ ‘ವರ್ಕ್‌ಶೀಟ್‌ಫಂಕ್ಷನ್’ ಎಂದು ಮುಂದೆ ಸೇರಿಸಿ ಶೀಟ್‌ನ ರೌಂಡನ್ನೇ ಕರೆದರೆ ಕಾನೂನಿನ ದಾರಿಗೆ ಬರುತ್ತದೆ. ಇಂಥ ತಪ್ಪು ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಇರಬಲ್ಲದು, ಏಕೆಂದರೆ ಸರಿಯಾಗಿ ಅರ್ಧ ರೂಪಾಯಿ ಬರುವ ಬಿಲ್‌ಗಳು ಕಡಿಮೆ.

ಜಿಎಸ್‌ಟಿಯ ಮಾತು ಬಂದಾಗ ಇನ್ನೊಂದು ಫಂಕ್ಷನ್ ನೆನಪಿಗೆ ಬರಲೇಬೇಕು. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಗಳು: ಮೊದಲ ಎರಡು ರಾಜ್ಯದ ಸಂಖ್ಯೆ (ಕರ್ನಾಟಕಕ್ಕೆ 29), ಆಮೇಲಿನ ಹತ್ತು ಪ್ಯಾನ್, ಕೊನೆಯದು ತಾಳೆ ನೋಡುವ ಅಕ್ಷರ. ಆ ಕೊನೆಯ ಅಕ್ಷರ ಮೊದಲ ಹದಿನಾಲ್ಕರಿಂದ ಲೆಕ್ಕ ಹಾಕಿ ಬಂದದ್ದು. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳಿಗೆ ಅವುಗಳದೇ ಬೆಲೆ, ಇಂಗ್ಲಿಷ್ ಅಕ್ಷರಗಳಿಗೆ 10ರಿಂದ 35ರವರೆಗೆ. ಎಡದಿಂದ ಒಂದನ್ನು 1ರಿಂದ, ಮುಂದಿನದನ್ನು 2ರಿಂದ, ಹೀಗೆ ಬದಲಿಸುತ್ತ ಗುಣಿಸಬೇಕು. ಬಂದ ಪ್ರತಿ ಗುಣಲಬ್ಧವನ್ನೂ 36ರಿಂದ ಭಾಗಿಸಿ ಭಾಗಲಬ್ಧ, ಶೇಷ ಎರಡನ್ನೂ ಕೂಡಿಸಬೇಕು. ಎಲ್ಲದರ ಮೊತ್ತವನ್ನು 36ರಿಂದ ಭಾಗಿಸಿ ಉಳಿದ ಶೇಷವನ್ನು 36ರಲ್ಲಿ ಕಳೆದರೆ ಕೊನೆಯ ಅಕ್ಷರದ ಬೆಲೆ ಸಿಗುತ್ತದೆ. ಶೇಷ ಸೊನ್ನೆಯಾದರೆ ಬೆಲೆಯೂ ಸೊನ್ನೆ. ಇದನ್ನು ಸೆಲ್‌ನೊಳಗಿನ ಮಾಮೂಲಿ ಫಾರ್ಮುಲಾದಲ್ಲಿ ಬರೆಯಲು ಹೋದರೆ ನಾಲ್ಕು ಸಾಲಿನ ಕಗ್ಗವಾಗುತ್ತದೆ. ಫಂಕ್ಷನ್ ಆಗಿ ಬರೆದರೆ ಒಂದು ಸಣ್ಣ ಲೂಪ್. ಸರಬರಾಜುದಾರರ ಪಟ್ಟಿಯ ಪಕ್ಕದ ಕಾಲಂನಲ್ಲಿ ಅದನ್ನು ಎಳೆದುಬಿಟ್ಟರೆ ಟೈಪ್ ಮಾಡುವಾಗ ತಪ್ಪಿದ ಸಂಖ್ಯೆಗಳು ಕೂಡಲೇ ಸಿಕ್ಕಿಬೀಳುತ್ತವೆ. ಆ ನೋಂದಣಿ ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದನ್ನು ಈ ಲೆಕ್ಕ ಹೇಳಲಾರದು, ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲೇ ನೋಡಬೇಕು.

ಸ್ವಂತ ಫಂಕ್ಷನ್‌ನ ನಿಜವಾದ ಲಾಭ ಟೈಪಿಂಗ್ ಉಳಿಯುವುದರಲ್ಲಿಲ್ಲ. ನಿಯಮಕ್ಕೆ ಒಂದು ಹೆಸರು, ಒಂದು ವಿಳಾಸ ಸಿಗುತ್ತದೆ. ಅದೇ ನಿಯಮ ಸಾವಿರ ಸೆಲ್‌ಗಳಲ್ಲಿ ನಕಲಾಗಿ ಕೂತಿದ್ದರೆ ಯಾವ ಸೆಲ್‌ನಲ್ಲಿ ಯಾರು ಏನು ತಿದ್ದಿದರೆಂದು ಹುಡುಕುವುದು ಯಾರಿಂದಲೂ ಆಗದ ಕೆಲಸ. 2012ರಲ್ಲಿ ಜೆಪಿ ಮಾರ್ಗನ್ ಬ್ಯಾಂಕಿನ ಲಂಡನ್ ಕಚೇರಿಯ ವಹಿವಾಟುಗಳಿಂದ 600 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವಾಯಿತು. ಬ್ಯಾಂಕ್ ತಾನೇ ತನಿಖೆ ನಡೆಸಿ 2013ರ ಜನವರಿಯಲ್ಲಿ ಹೊರತಂದ ವರದಿಯಲ್ಲಿ ಒಂದು ಸಂಗತಿ ಹೊರಬಿತ್ತು. ನಷ್ಟದ ಅಪಾಯ ಅಳೆಯುವ ಮಾದರಿ ಹಲವು ಎಕ್ಸೆಲ್ ಶೀಟ್‌ಗಳ ಮೇಲೆ ನಡೆಯುತ್ತಿತ್ತು, ಒಂದರಿಂದ ಇನ್ನೊಂದಕ್ಕೆ ಕೈಯಾರೆ ಕಾಪಿ–ಪೇಸ್ಟ್ ಮಾಡಲಾಗುತ್ತಿತ್ತು. ಅದರಲ್ಲೊಂದು ಕಡೆ ಹೊಸ ದರದಿಂದ ಹಳೆಯ ದರ ಕಳೆದು, ಅವೆರಡರ ಸರಾಸರಿಯಿಂದ ಭಾಗಿಸಬೇಕಾದಲ್ಲಿ ಮೊತ್ತದಿಂದ ಭಾಗಿಸಲಾಗಿತ್ತು. ಎರಡು ಸಂಖ್ಯೆಗಳ ಮೊತ್ತ ಅವುಗಳ ಸರಾಸರಿಯ ಎರಡರಷ್ಟು. ಏರಿಳಿತ ಇದ್ದದ್ದಕ್ಕಿಂತ ಅರ್ಧದಷ್ಟೇ ಕಂಡಿತು, ಅಪಾಯವೂ ಕಡಿಮೆ ಕಂಡಿತು. ನಷ್ಟಕ್ಕೆ ಬೇರೆ ಕಾರಣಗಳು ಬೇಕಾದಷ್ಟಿದ್ದವು. ಆದರೆ ಆ ಭಾಗಾಕಾರ ಒಂದೇ ಹೆಸರಿನ ಫಂಕ್ಷನ್‌ನೊಳಗೆ ಇದ್ದಿದ್ದರೆ ಪರಿಶೀಲಿಸುವವರು ಓದಬೇಕಾಗಿದ್ದುದು ಒಂದೇ ಸಾಲು.

ಹಾಗೆಂದು ಎಲ್ಲವನ್ನೂ ಫಂಕ್ಷನ್‌ನೊಳಗೆ ತುರುಕುವುದೂ ಸರಿಯಲ್ಲ. ಜಿಎಸ್‌ಟಿ ದರಗಳನ್ನು ಕೋಡಿನಲ್ಲೇ ಬರೆದಿಟ್ಟವರಿಗೆ 2025ರ ಸೆಪ್ಟೆಂಬರ್ 22ರಂದು ಇದು ಅರಿವಾಗಿರುತ್ತದೆ. ಅಂದಿನಿಂದ ಶೇ 12 ಮತ್ತು ಶೇ 28ರ ಸಾಮಾನ್ಯ ಹಂತಗಳು ಹೋಗಿ ಬಹುಪಾಲು ಸರಕುಗಳು ಶೇ 5 ಅಥವಾ ಶೇ 18ಕ್ಕೆ ಬಂದವು. ಕೋಡಿನಲ್ಲಿ ದರ ತಿದ್ದಿದರೆ ಹೊಸ ಬಿಲ್ ಸರಿಯಾಗುತ್ತದೆ, ಆದರೆ ಆಗಸ್ಟ್ ತಿಂಗಳ ಹಳೆಯ ಫೈಲ್ ತೆರೆದು ಮತ್ತೆ ಲೆಕ್ಕ ಹಾಕಿಸಿದರೆ ಅದೂ ಹೊಸ ದರಕ್ಕೆ ಹೊರಳುತ್ತದೆ. ಬಿಲ್ಲಿನ ದಿನಾಂಕವನ್ನೂ ದರಪಟ್ಟಿಯನ್ನೂ ಫಂಕ್ಷನ್‌ಗೆ ಹೊರಗಿನಿಂದ ಕೊಡುವುದೇ ಸರಿಯಾದ ಕ್ರಮ.

ಹೊರಗಿನಿಂದ ಕೊಡಬೇಕೆನ್ನಲು ಎಕ್ಸೆಲ್‌ನ ಸ್ವಭಾವವೂ ಒಂದು ಕಾರಣ. ಫಂಕ್ಷನ್‌ಗೆ ಕಂಸದೊಳಗೆ ಕೊಟ್ಟ ಸೆಲ್‌ಗಳು ಬದಲಾದರೆ ಮಾತ್ರ ಎಕ್ಸೆಲ್ ಅದನ್ನು ಮತ್ತೆ ಲೆಕ್ಕ ಹಾಕಿಸುತ್ತದೆ. ಕೋಡಿನೊಳಗಿಂದ ಗುಟ್ಟಾಗಿ ಇನ್ನೊಂದು ಸೆಲ್ ಓದಿದರೆ ಅದು ಎಕ್ಸೆಲ್‌ಗೆ ಗೊತ್ತಾಗುವುದಿಲ್ಲ, ದರ ಬದಲಾದರೂ ಹಳೆಯ ಉತ್ತರ ಹಾಗೆಯೇ ನಿಂತಿರುತ್ತದೆ. ‘ವೊಲಟೈಲ್’ ಎಂದು ಸಾರಿ ಪ್ರತಿ ಬಾರಿಯೂ ಲೆಕ್ಕ ಹಾಕಿಸಬಹುದು, ಆಗ ಹತ್ತು ಸಾವಿರ ಸಾಲಿನ ಶೀಟ್ ಒಂದು ಅಂಕಿ ಟೈಪ್ ಮಾಡಿದಾಗಲೆಲ್ಲ ಉಸಿರು ಬಿಗಿಹಿಡಿಯುತ್ತದೆ. ಇನ್ನೊಂದು ಕಟ್ಟುಪಾಡೂ ಇದೆ. ಸೆಲ್‌ನಿಂದ ಕರೆದ ಫಂಕ್ಷನ್ ಉತ್ತರ ಹಿಂತಿರುಗಿಸಬಹುದೇ ಹೊರತು ಬೇರೆ ಸೆಲ್‌ಗಳಿಗೆ ಕೈಹಾಕುವಂತಿಲ್ಲ. ಹೊಸಬರಿಗೆ ಇದು ಅಡ್ಡಿ ಎನಿಸುತ್ತದೆ. ಶೀಟ್ ನಂಬುವಂತಿರುವುದು ಈ ಕಟ್ಟುಪಾಡಿನಿಂದಲೇ.

ಬರೆದ ಫಂಕ್ಷನ್ ಎಲ್ಲ ಫೈಲ್‌ಗಳಿಗೂ ಸಿಗಬೇಕಾದರೆ ಅದನ್ನು ‘ಎಕ್ಸೆಲ್ ಆ್ಯಡ್-ಇನ್’ ಎಂಬ ರೂಪದಲ್ಲಿ ಸೇವ್ ಮಾಡಿ, ಆಪ್ಷನ್ಸ್‌ನ ಆ್ಯಡ್-ಇನ್ಸ್ ಪಟ್ಟಿಯಲ್ಲಿ ಗುರುತು ಹಾಕಬೇಕು. ಕಚೇರಿಯಲ್ಲಿ ತೊಡಕು ಶುರುವಾಗುವುದು ಇಲ್ಲಿಂದ. ಒಬ್ಬರು ಆ್ಯಡ್-ಇನ್ನನ್ನು ತಮ್ಮ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಇಟ್ಟರೆ, ಇನ್ನೊಬ್ಬರು ಬೇರೊಂದರಲ್ಲಿ ಇಟ್ಟಿರುತ್ತಾರೆ. ಫೈಲ್ ಕೈ ಬದಲಾದಾಗ ಫಾರ್ಮುಲಾದ ಮುಂದೆ ಮೊದಲಿನವರ ಫೋಲ್ಡರಿನ ಉದ್ದನೆಯ ದಾರಿ ಅಂಟಿಕೊಂಡು ‘#ನೇಮ್?’ ಎಂದು ನಿಲ್ಲುತ್ತದೆ. ಎಲ್ಲರೂ ಸರ್ವರಿನ ಒಂದೇ ಫೋಲ್ಡರಿನಿಂದ ಆ್ಯಡ್-ಇನ್ ತೆಗೆದುಕೊಳ್ಳುವುದು ಇದಕ್ಕೆ ಪರಿಹಾರ. ಹೊರಗಿನವರಿಗೆ ಕಳಿಸುವ ಶೀಟ್‌ನಲ್ಲಿ ಫಾರ್ಮುಲಾ ತೆಗೆದು ಬರೀ ಉತ್ತರವನ್ನು ಪೇಸ್ಟ್ ಮಾಡಿ ಕಳಿಸಬೇಕು. ಮ್ಯಾಕ್ರೊಗಳ ಮೂಲಕ ವೈರಸ್ ಹರಡುವವರ ಕಾಟಕ್ಕೆ ಮೈಕ್ರೋಸಾಫ್ಟ್ 2022ರಿಂದ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಫೈಲ್‌ಗಳ ವಿಬಿಎ ಕೋಡನ್ನು ತಾನಾಗಿಯೇ ತಡೆಹಿಡಿಯುತ್ತದೆ. ಪರಿಚಿತರು ಇಮೇಲ್‌ನಲ್ಲಿ ಕಳಿಸಿದ ಆ್ಯಡ್-ಇನ್ ಓಡದಿದ್ದರೆ ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ‘ಅನ್‌ಬ್ಲಾಕ್’ ಗುರುತು ಹಾಕಬೇಕಾಗುತ್ತದೆ. ಯಾರು ಬರೆದದ್ದೆಂದು ಗೊತ್ತಿಲ್ಲದ ಆ್ಯಡ್-ಇನ್‌ಗೆ ಆ ಗುರುತು ಹಾಕಲೇಬಾರದು.

ಮ್ಯಾಕ್ರೊ ಎಂದರೆ ಬಾಗಿಲು ಮುಚ್ಚುವ ಕಚೇರಿಗಳಿಗೆ ಈಗ ಬೇರೆ ದಾರಿಗಳಿವೆ. ಹ್ಯಾಸ್ಕೆಲ್ ಭಾಷೆಯ ರೂವಾರಿಗಳಲ್ಲೊಬ್ಬರಾದ ಸೈಮನ್ ಪೇಟನ್ ಜೋನ್ಸ್, ಅಲನ್ ಬ್ಲ್ಯಾಕ್‌ವೆಲ್ ಮತ್ತು ಮಾರ್ಗರೆಟ್ ಬರ್ನೆಟ್ ಜೊತೆ 2003ರಲ್ಲೇ ಒಂದು ಪ್ರಬಂಧ ಬರೆದು, ಎಕ್ಸೆಲ್ ಬಳಸುವವರು ಹೊಸ ಭಾಷೆ ಕಲಿಯದೆ, ಗೊತ್ತಿರುವ ಫಾರ್ಮುಲಾಗಳಿಂದಲೇ ಸ್ವಂತ ಫಂಕ್ಷನ್ ಕಟ್ಟುವಂತಾಗಬೇಕು ಎಂದು ವಾದಿಸಿದ್ದರು. ಹದಿನೇಳು ವರ್ಷಗಳ ನಂತರ, 2020ರ ಡಿಸೆಂಬರ್‌ನಲ್ಲಿ, ಮೈಕ್ರೋಸಾಫ್ಟ್ ‘ಲ್ಯಾಂಬ್ಡಾ’ ಪ್ರಕಟಿಸಿತು. ಫಾರ್ಮುಲಾ ಬರೆದು ನೇಮ್ ಮ್ಯಾನೇಜರ್‌ನಲ್ಲಿ ಹೆಸರಿಟ್ಟರೆ ಫಂಕ್ಷನ್ ಸಿದ್ಧ. ಅದು ತನ್ನನ್ನು ತಾನೇ ಕರೆದುಕೊಳ್ಳಬಲ್ಲದು, ಹೀಗಾಗಿ ಕೋಟಿಯಾಚೆಯ ಲೆಕ್ಕಕ್ಕೂ ಸಾಕು. ಕನ್ನಡ ಪದಗಳನ್ನು ನೇರವಾಗಿ ಅದರೊಳಗೇ ಬರೆಯಬಹುದು. ಫೈಲ್ ಎಲ್ಲಿಗೆ ಹೋದರೂ ಲ್ಯಾಂಬ್ಡಾ ಜೊತೆಗೇ ಹೋಗುತ್ತದೆ. ಅದರ ಅನುಕೂಲ ಅದೇ, ಅನಾನುಕೂಲವೂ ಅದೇ: ನೂರು ಫೈಲ್‌ಗಳಿದ್ದರೆ ನೂರು ಪ್ರತಿಗಳು, ತಿದ್ದುವಾಗ ನೂರನ್ನೂ ತಿದ್ದಬೇಕು. ಮೈಕ್ರೋಸಾಫ್ಟ್ 365 ಅಥವಾ ಎಕ್ಸೆಲ್ 2024 ಇಲ್ಲದವರಿಗೆ ಅದು ಸಿಗುವುದೂ ಇಲ್ಲ.

ಗೂಗಲ್ ಶೀಟ್ಸ್ ಬಳಸುವವರಿಗೆ ಕನ್ನಡದ ತೊಡಕೇ ಇಲ್ಲ. ಅಲ್ಲಿನ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಪದಪಟ್ಟಿಯನ್ನು ಕನ್ನಡದಲ್ಲೇ ಬರೆದು, ಜಾವಾಸ್ಕ್ರಿಪ್ಟ್‌ನಲ್ಲಿ ಫಂಕ್ಷನ್ ಕಟ್ಟಿದರೆ ಸೆಲ್‌ನಿಂದ ಕರೆಯಬಹುದು. ಆದರೆ ಪ್ರತಿ ಕರೆಯೂ ಗೂಗಲ್‌ನ ಸರ್ವರಿಗೆ ಹೋಗಿ ಬರುತ್ತದೆ, ಒಂದು ಕರೆ 30 ಸೆಕೆಂಡಿನೊಳಗೆ ಮುಗಿಯಬೇಕು. ಸಾವಿರ ಸೆಲ್‌ಗಳಲ್ಲಿ ಸಾವಿರ ಬಾರಿ ಕರೆಯುವ ಬದಲು ಇಡೀ ಕಾಲಂ ಅನ್ನು ಒಂದೇ ಕರೆಗೆ ಕೊಟ್ಟು ಉತ್ತರಗಳ ಕಾಲಂ ಅನ್ನೇ ಹಿಂತಿರುಗಿಸಿದರೆ ವೇಗ ತಾನಾಗಿ ಬರುತ್ತದೆ. ಭಾರೀ ಲೆಕ್ಕಗಳಿಗೆ, ಉದಾಹರಣೆಗೆ ಸಾಲಪತ್ರ, ಆಪ್ಷನ್‌ಗಳ ಬೆಲೆ ಕಟ್ಟುವ ಹಣಕಾಸು ಸಂಸ್ಥೆಗಳಲ್ಲಿ, ಸಿ ಅಥವಾ ಸಿ++ನಲ್ಲಿ ಬರೆದ ಎಕ್ಸ್ಎಲ್ಎಲ್ ಎಂಬ ಬಗೆಯ ಆ್ಯಡ್-ಇನ್‌ಗಳು ನಡೆಯುತ್ತವೆ. ಗೋವರ್ಟ್ ವಾನ್ ಡ್ರಿಮ್ಮೆಲೆನ್ ಕಟ್ಟಿದ ಮುಕ್ತ ತಂತ್ರಾಂಶ ಎಕ್ಸೆಲ್-ಡಿಎನ್‌ಎ ಬಂದ ಮೇಲೆ ಡಾಟ್‌ನೆಟ್ ಬಲ್ಲವರಿಗೂ ಆ ದಾರಿ ತೆರೆಯಿತು. ಬಿಲ್ ಬರೆಯುವವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ.

ಫಂಕ್ಷನ್ ಬರೆದಾದ ಮೇಲೆ 1,234 ಕೊಟ್ಟು, ಸರಿ ಬಂತೆಂದು ಎದ್ದುಬಿಡುವವರೇ ಹೆಚ್ಚು. ತಪ್ಪುಗಳು ಅಡಗಿರುವುದು ಅಂಚಿನ ಸಂಖ್ಯೆಗಳಲ್ಲಿ. 10, 19, 20, 100, 101, 1,00,000, 99,99,999, 1,00,00,001 ಇವುಗಳನ್ನೆಲ್ಲ ಕೊಟ್ಟು ನೋಡಬೇಕು. 7.999 ಕೊಟ್ಟಾಗ ಪೈಸೆಯನ್ನು ಪ್ರತ್ಯೇಕವಾಗಿ ರೌಂಡ್ ಮಾಡಿದ್ದರೆ ‘ಏಳು ರೂಪಾಯಿ ನೂರು ಪೈಸೆ’ ಎಂಬ ಉತ್ತರ ಬರುತ್ತದೆ. ಖಾಲಿ ಸೆಲ್ ಕೊಟ್ಟರೆ ವಿಬಿಎ ಅದನ್ನು ಸೊನ್ನೆ ಎಂದುಕೊಂಡು, ಇನ್ನೂ ತುಂಬದ ಬಿಲ್ಲಿನ ಕೆಳಗೆ ‘ಸೊನ್ನೆ ರೂಪಾಯಿ ಮಾತ್ರ’ ಎಂದು ಬರೆದಿಡುತ್ತದೆ. ಬಿಲ್ ವಾಪಸಾದಾಗ ಬರುವ ಮೈನಸ್ ಮೊತ್ತಕ್ಕೆ ಏನು ಬರೆಯಬೇಕೆಂದು ಮೊದಲೇ ತೀರ್ಮಾನಿಸಬೇಕು. ಚೆಕ್ಕಿಗೆ ಬಳಸುವುದಾದರೆ ಬರೀ ‘ಸಾವಿರ’ ಎನ್ನದೆ ‘ಒಂದು ಸಾವಿರ’ ಎಂದೇ ಬರೆಸಬೇಕು, ಇಲ್ಲದಿದ್ದರೆ ಹಿಂದೆ ‘ಐವತ್ತು’ ಸೇರಿಸಲು ಜಾಗ ಬಿಟ್ಟಂತಾಗುತ್ತದೆ.

ಈ ಪರೀಕ್ಷೆಯ ಸಂಖ್ಯೆಗಳಿಗೂ ಆ್ಯಡ್-ಇನ್ ಫೈಲಿನೊಳಗಿನ ಅಡಗಿದ ಶೀಟ್‌ಗಳಲ್ಲೇ ಜಾಗವಿದೆ. ‘ಇಸ್‌ಆ್ಯಡ್‌ಇನ್’ ಎಂಬ ಗುಣವನ್ನು ವಿಬಿಎ ಎಡಿಟರ್‌ನಲ್ಲಿ ‘ಫಾಲ್ಸ್’ ಮಾಡಿದರೆ ಅವು ಕಣ್ಣಿಗೆ ಬೀಳುತ್ತವೆ. ಪದಪಟ್ಟಿಯ ಶೀಟ್ ಬಿಟ್ಟು ಇನ್ನೊಂದರ ಮೊದಲ ಕಾಲಂನಲ್ಲಿ ಸಂಖ್ಯೆ, ಎರಡನೆಯದರಲ್ಲಿ ಕೈಯಾರೆ ಬರೆದ ಸರಿಯಾದ ಕನ್ನಡ, ಮೂರನೆಯದರಲ್ಲಿ ಫಂಕ್ಷನ್ ಕೊಡುವ ಉತ್ತರ, ತಾಳೆಯಾಗದ ಸಾಲು ಕೆಂಪಾಗುವಂತೆ ಕಂಡಿಷನಲ್ ಫಾರ್ಮ್ಯಾಟಿಂಗ್. ತಿದ್ದಿದ ಆ್ಯಡ್-ಇನ್ನನ್ನು ಸರ್ವರಿಗೆ ಹಾಕುವ ಮುನ್ನ ಎಲ್ಲೂ ಕೆಂಪಿಲ್ಲವೆಂದು ನೋಡಿಕೊಂಡು, ‘ಇಸ್‌ಆ್ಯಡ್‌ಇನ್’ ಅನ್ನು ಮತ್ತೆ ‘ಟ್ರೂ’ ಮಾಡಿ ಸೇವ್ ಮಾಡಿದರೆ ಮರುದಿನದ ಬಿಲ್‌ಗಳಿಗೆ ಅದು ಸಿದ್ಧ.